ಪುಣೆ ರಸ್ತೆ ಮತ್ತು ತೆರೆದ ಮೋಟಾರು: ಸಂಸ್ಥಾನ ಕಾಲದ ಬ್ರಿಟಿಷ್ ಕೋಚ್‌ಬಿಲ್ಟ್ ಕಾರುಗಳ ಚರಿತ್ರೆ

ಇಪ್ಪತ್ತನೆಯ ಶತಮಾನದ ಮೊದಲ ಐದು ದಶಕಗಳಲ್ಲಿ ಭಾರತದ ಸಂಸ್ಥಾನಗಳಿಗೆ ಇಂಗ್ಲೆಂಡಿನಿಂದ ಬಂದ ದುಬಾರಿ ಮೋಟಾರುಗಳು ಒಂದೇ ಕಾರ್ಖಾನೆಯ ಸೃಷ್ಟಿಗಳಾಗಿರಲಿಲ್ಲ. ಎಂಜಿನ್, ಗೇರುಪೆಟ್ಟಿಗೆ, ಅಚ್ಚು ಮತ್ತು ಉಕ್ಕಿನ ತಳಚೌಕಟ್ಟು ಸೇರಿದ ಚಾಸಿಸ್ ಒಬ್ಬ ತಯಾರಕನದಾದರೆ, ಅದರ ಮೇಲೆ ಕುಳಿತವರನ್ನು ಹೊತ್ತ ಮರ, ಲೋಹ ಮತ್ತು ಚರ್ಮದ ಮೈ ಇನ್ನೊಬ್ಬ ಕುಶಲಕರ್ಮಿಯ ಕೆಲಸವಾಗಿತ್ತು. ಇಂದಿಗೂ ಹೆದ್ದಾರಿ ಬದಿಯ ಊರುಗಳಲ್ಲಿ ಲಾರಿ ಮಾಲೀಕರು ಬರೀ ಚಾಸಿಸ್ ಕೊಂಡು ತಂದು ತಮಗೆ ಬೇಕಾದಂತೆ ಬಾಡಿ ಕಟ್ಟಿಸುವ ಹಾಗೆ, ಅಂದಿನ ಮಹಾರಾಜರೂ ಸಿರಿವಂತರೂ ಕಾರಿಗೆ ಬಾಡಿ ಕಟ್ಟಿಸುತ್ತಿದ್ದರು. ಹೀಗೆ ಗಿರಾಕಿಯ ಇಚ್ಛೆಯಂತೆ ಮೈ ಕಟ್ಟಿಕೊಡುವವರನ್ನು ಕೋಚ್‌ಬಿಲ್ಡರ್ ಎಂದೂ, ಅವರು ಕಟ್ಟಿದ ವಾಹನವನ್ನು ಕೋಚ್‌ಬಿಲ್ಟ್ ಎಂದೂ ಕರೆಯಲಾಗುತ್ತದೆ. ಚಾಸಿಸ್ ಇಡೀ ಜಗತ್ತಿಗೆ ಹೆಚ್ಚುಕಡಿಮೆ ಒಂದೇ ಬಗೆಯದಾಗಿದ್ದರೂ ಬಾಡಿ ಮಾತ್ರ ಒಬ್ಬ ನಿರ್ದಿಷ್ಟ ಗಿರಾಕಿಗೆ, ಒಂದು ನಿರ್ದಿಷ್ಟ ನಾಡಿಗೆ, ಅಲ್ಲಿನ ರಸ್ತೆ, ಬಿಸಿಲು ಮತ್ತು ನಡಾವಳಿಗೆ ತಕ್ಕಂತೆ ರೂಪುಗೊಳ್ಳುತ್ತಿತ್ತು. ಆದ್ದರಿಂದ ಇಂತಹ ವಾಹನದ ಚರಿತ್ರೆಯನ್ನು ತಿಳಿಯಬೇಕಾದರೆ ಎಂಜಿನ್ನಿಗಿಂತ ಮಿಗಿಲಾಗಿ ಅದರ ಮೈಯನ್ನು ಓದಬೇಕಾಗುತ್ತದೆ.

ಸಾರೋಟಿನಿಂದ ಮೋಟಾರಿಗೆ

ಲಂಡನ್ನಿನ ಪ್ರಮುಖ ಕೋಚ್‌ಬಿಲ್ಡರ್‌ಗಳಲ್ಲಿ ಹಲವರು ಮೂಲತಃ ಕುದುರೆ ಸಾರೋಟು ಕಟ್ಟುವವರು. ಬಾರ್ಕರ್ ಸಂಸ್ಥೆ 1710ರಲ್ಲಿ, ಥ್ರಪ್ ಅಂಡ್ ಮೇಬರ್ಲಿಯ ಮೂಲ ಸಂಸ್ಥೆ 1760ರಲ್ಲಿ, ಹೂಪರ್ ಸಂಸ್ಥೆ 1805ರಲ್ಲಿ ಆರಂಭವಾದವು. ಹೂಪರ್‌ನವರಿಗೆ 1830ರಿಂದಲೇ ಇಂಗ್ಲೆಂಡಿನ ರಾಜಮನೆತನದ ಅಧಿಕೃತ ಮನ್ನಣೆಯಿತ್ತು. ಮೋಟಾರು ಬಂದಾಗ ಈ ಸಂಸ್ಥೆಗಳು ಕುದುರೆಯನ್ನು ಬಿಟ್ಟು ಎಂಜಿನ್ನನ್ನು ಒಪ್ಪಿಕೊಂಡವೇ ಹೊರತು ತಮ್ಮ ಬಡಗಿ, ಕಮ್ಮಾರ, ಬಣ್ಣಗಾರ ಮತ್ತು ಚರ್ಮ ಹೊಲಿಯುವವರನ್ನು ಬದಲಿಸಲಿಲ್ಲ. ಫೀಟನ್, ಲ್ಯಾಂಡೋ, ಕ್ಯಾಬ್ರಿಯೋಲೆ ಮುಂತಾದ ಕಾರಿನ ಬಾಡಿಯ ಹೆಸರುಗಳು ಸಾರೋಟುಗಳಿಂದಲೇ ಬಂದಿರುವುದಕ್ಕೆ ಇದೇ ಕಾರಣ.

ರೋಲ್ಸ್ ರಾಯ್ಸ್ ಸಂಸ್ಥೆ 1906ರಲ್ಲಿ ಹೊರತಂದ 40/50 ಅಶ್ವಶಕ್ತಿಯ ಆರು ಸಿಲಿಂಡರಿನ ಚಾಸಿಸ್ ಈ ಎರಡು ಕಸುಬುಗಳ ಕೂಡಿಕೆಗೆ ಅತ್ಯುತ್ತಮ ನಿದರ್ಶನವಾಗಿದೆ. 1907ರಲ್ಲಿ ಸಂಸ್ಥೆಯ ವ್ಯವಸ್ಥಾಪಕ ಕ್ಲಾಡ್ ಜಾನ್ಸನ್ 60551 ಸಂಖ್ಯೆಯ ಚಾಸಿಸ್ಸಿನ ಮೇಲೆ ಬಾರ್ಕರ್‌ನವರಿಂದ ತೆರೆದ ಬಾಡಿ ಕಟ್ಟಿಸಿ, ಅದಕ್ಕೆ ಅಲ್ಯುಮಿನಿಯಂ ಬಣ್ಣ ಬಳಿಸಿ, ದೀಪ ಮತ್ತಿತರ ಲೋಹದ ಭಾಗಗಳಿಗೆ ಬೆಳ್ಳಿಯ ಲೇಪ ಕೊಡಿಸಿ, ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟನು. ಎಎಕ್ಸ್ 201 ಎಂಬ ನೋಂದಣಿಯ ಆ ಕಾರು ಅದೇ ವರ್ಷ 14,371 ಮೈಲಿಗಳನ್ನು ಯಂತ್ರದೋಷದಿಂದ ಒಮ್ಮೆಯೂ ನಿಲ್ಲದಂತೆ ಕ್ರಮಿಸಿದ ಮೇಲೆ, ಒಂದು ಕಾರಿನ ಹೆಸರು ಕ್ರಮೇಣ ಆ ಇಡೀ ಮಾದರಿಯ ಹೆಸರಾಯಿತು. ಆದರೆ ಡರ್ಬಿಯ ಕಾರ್ಖಾನೆಯಿಂದ ಹೊರಬಂದ ಆರು ಸಾವಿರಕ್ಕೂ ಹೆಚ್ಚಿನ ಸಿಲ್ವರ್ ಘೋಸ್ಟ್ ಚಾಸಿಸ್‌ಗಳಲ್ಲಿ ಒಂದಕ್ಕೂ ರೋಲ್ಸ್ ರಾಯ್ಸ್ ತಾನಾಗಿ ಬಾಡಿ ಕಟ್ಟಲಿಲ್ಲ. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಇಂಗ್ಲೆಂಡಿನಲ್ಲಿ ಸಂಸ್ಥೆ ಮಾರುತ್ತಿದ್ದುದು ಹೆಚ್ಚಾಗಿ ಚಾಸಿಸ್ಸನ್ನೇ.

ಬಾಡಿ ಕಟ್ಟುವ ಕ್ರಮ ನಿಧಾನದ್ದಾಗಿತ್ತು. ಮೊದಲು ಕಾರಿನ ಪೂರ್ಣ ಗಾತ್ರದ ನಕ್ಷೆಯನ್ನು ಗೋಡೆಯ ಹಲಗೆಯ ಮೇಲೆ ಬರೆದು, ಅದರಿಂದ ಅಳತೆ ತೆಗೆದು, ಆಶ್ ಎಂಬ ಇಂಗ್ಲೆಂಡಿನ ಮರದಲ್ಲಿ ಚೌಕಟ್ಟನ್ನು ಜೋಡಿಸುತ್ತಿದ್ದರು. ಆಶ್ ಮರ ಹಗುರವೂ ಬಾಗಿ ಮುರಿಯದಂಥದ್ದೂ ಆದ್ದರಿಂದ, ಉಬ್ಬುತಗ್ಗಿನ ದಾರಿಯಲ್ಲಿ ಚಾಸಿಸ್ ನುಲಿದಾಗ ಬಾಡಿಯ ಕೀಲುಗಳೂ ತುಸು ಮಣಿದು ಮತ್ತೆ ತಮ್ಮ ಸ್ಥಾನಕ್ಕೆ ಬರುತ್ತಿದ್ದವು. ಆ ಚೌಕಟ್ಟಿನ ಮೇಲೆ ಹೊದಿಸಬೇಕಾದ ಅಲ್ಯುಮಿನಿಯಂ ತಗಡನ್ನು ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು, ಆಮೇಲೆ ಎರಡು ಉಕ್ಕಿನ ಚಕ್ರಗಳ ನಡುವೆ ಹಿಂದೆ ಮುಂದೆ ಉರುಳಿಸಿ ನುಣುಪುಗೊಳಿಸುತ್ತಿದ್ದರು. 1920ರ ದಶಕದಲ್ಲಿ ಸೆಲ್ಯುಲೋಸ್ ಬಣ್ಣ ಬಳಕೆಗೆ ಬರುವ ಮುನ್ನ, ಬಣ್ಣ ಮತ್ತು ವಾರ್ನಿಷ್‌ಗಳನ್ನು ಪದರದ ಮೇಲೆ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ಒಣಗಲು ಬಿಟ್ಟು, ನೊರೆಗಲ್ಲಿನ ಪುಡಿ ಮತ್ತು ನೀರಿನಿಂದ ಉಜ್ಜುತ್ತಿದ್ದುದರಿಂದ ಬಣ್ಣದ ಕೆಲಸಕ್ಕೇ ಅನೇಕ ವಾರಗಳು ಹಿಡಿಯುತ್ತಿದ್ದವು. ಕೆಲಸ ಮುಗಿದ ಮೇಲೆ ಬಾಗಿಲಿನ ಹೊಸ್ತಿಲ ಮೇಲೆ ಕೋಚ್‌ಬಿಲ್ಡರ್‌ನ ಹೆಸರು ಮತ್ತು ವಿಳಾಸವುಳ್ಳ ಒಂದು ಸಣ್ಣ ಲೋಹದ ಫಲಕವನ್ನು ಕೂರಿಸುತ್ತಿದ್ದರು. ಬಾಗಿಲು ತೆರೆದು ಕಾಲಿಡುವವರ ಕಣ್ಣಿಗೆ ಮೊದಲು ಬೀಳುತ್ತಿದ್ದ ಆ ಫಲಕವೇ ಕಟ್ಟಿದವರ ಸಹಿಯಾಗಿತ್ತು.

ತೆರೆದ ಬಾಡಿಗಳಲ್ಲಿಯೂ ಹಲವು ಬಗೆಗಳಿದ್ದವು. ಟೂರರ್ ಎಂಬುದರಲ್ಲಿ ಏರಿಳಿಸುವ ಗಾಜುಗಳಿರುತ್ತಿರಲಿಲ್ಲ. ಮಳೆ ಬಂದಾಗ ಬಟ್ಟೆಯ ಹುಡ್ ಎಳೆದು, ಪಕ್ಕಗಳಿಗೆ ಸೆಲ್ಯುಲಾಯ್ಡ್ ಕಿಂಡಿಯಿರುವ ಪರದೆಗಳನ್ನು ಸಿಕ್ಕಿಸಬೇಕಾಗಿತ್ತು. ಲ್ಯಾಂಡೋಲೆ ಎಂಬುದರಲ್ಲಿ ಹಿಂದಿನ ಆಸನದ ಮೇಲಿನ ಮುಚ್ಚಿಗೆ ಮಾತ್ರ ಮಡಚಿಕೊಳ್ಳುತ್ತಿದ್ದುದರಿಂದ, ಅದರ ಒಡೆಯರು ಬೇಕೆಂದಾಗ ಜನರಿಗೆ ಕಾಣಿಸಿಕೊಳ್ಳಬಹುದಿತ್ತು, ಬೇಡವೆಂದಾಗ ಮರೆಯಾಗಬಹುದಿತ್ತು. ಡ್ರಾಪ್‌ಹೆಡ್ ಕೂಪೆ ಎಂಬುದಕ್ಕೆ ಎರಡು ಬಾಗಿಲು, ಏರಿಳಿಸುವ ಗಾಜು ಮತ್ತು ಒಳಗೆ ದಪ್ಪ ಅಸ್ತರಿಯುಳ್ಳ ಹುಡ್ ಇದ್ದು, ಮುಚ್ಚಿದಾಗ ಅದು ಮುಚ್ಚುಕಾರಿನಷ್ಟೇ ಬೆಚ್ಚಗಿರುತ್ತಿತ್ತು. ಈಗ ಸಾಮಾನ್ಯವಾಗಿ ಕನ್ವರ್ಟಿಬಲ್ ಎನ್ನುವುದು ಈ ಕೊನೆಯ ಬಗೆಯನ್ನೇ. ದೊಡ್ಡ ಟೂರರ್‌ಗಳಲ್ಲಿ ಹುಡ್ ಮಡಚುವುದೆಂದರೆ ಇಬ್ಬರ ಕೆಲಸ: ಮುಂಗಾಜಿನ ಚೌಕಟ್ಟಿಗೆ ಬಿಗಿದ ತಿರುಪುಗಳನ್ನು ಸಡಿಲಿಸಿ, ಆವಿಯಲ್ಲಿ ಬಗ್ಗಿಸಿದ ಮರದ ಕಮಾನುಗಳನ್ನು ಒಂದರ ಮೇಲೊಂದು ಬರುವಂತೆ ಹಿಂದಕ್ಕೆ ತಂದು, ಬಟ್ಟೆ ಕಮಾನುಗಳ ನಡುವೆ ಸಿಕ್ಕಿ ಹರಿಯದಂತೆ ಕೈಯಿಂದ ನೆರಿಗೆ ಹಿಡಿದು, ಕೊನೆಗೆ ಚರ್ಮದ ಪಟ್ಟಿಗಳಿಂದ ಬಿಗಿಯಬೇಕಾಗಿತ್ತು.

ದುರ್ಗದ ಸೀಮೆಯ ರಸ್ತೆ

ಇಂತಹ ಮೋಟಾರುಗಳು ಓಡಬೇಕಾಗಿದ್ದ ನಾಡಿನ ಸ್ವರೂಪವನ್ನು ಚಿತ್ರದುರ್ಗ ಸೀಮೆಯಷ್ಟು ಸ್ಪಷ್ಟವಾಗಿ ತೋರಿಸುವ ಪ್ರದೇಶ ಮೈಸೂರು ಸಂಸ್ಥಾನದಲ್ಲಿ ವಿರಳ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ತುಮಕೂರು ಮತ್ತು ಶಿರಾ ದಾಟಿ ಹಿರಿಯೂರಿಗೆ ಬಂದು, ಅಲ್ಲಿಂದ ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಬಂಡೆಗಳನ್ನು ಬಳಸಿ, ದಾವಣಗೆರೆಯ ಮಾರ್ಗವಾಗಿ ಹರಿಹರದಲ್ಲಿ ತುಂಗಭದ್ರೆಯನ್ನು ದಾಟುತ್ತದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಹಿರಿಯೂರಿನಿಂದ ದಾವಣಗೆರೆಯವರೆಗಿನ ಹಾದಿ ಚಿತ್ರದುರ್ಗ ಜಿಲ್ಲೆಯದೇ ಆಗಿತ್ತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಆಡಳಿತದಲ್ಲಿ ಸಂಸ್ಥಾನದಾದ್ಯಂತ ಸುಮಾರು 1,600 ಮೈಲಿಗಳಷ್ಟು ರಸ್ತೆ ನಿರ್ಮಾಣವಾಗಿ, 1868ರಲ್ಲಿ ಹರಿಹರದ ಕಲ್ಲಿನ ಸೇತುವೆಯೂ ಸಿದ್ಧವಾದುದರಿಂದ, ಮೋಟಾರು ಬರುವ ಎಷ್ಟೋ ಮೊದಲೇ ಅದು ಓಡಬಲ್ಲ ದಾರಿಯ ತಳಹದಿ ಇಲ್ಲಿ ಸಿದ್ಧವಾಗಿತ್ತು.

ರೈಲು ಈ ಸೀಮೆಯ ಪಶ್ಚಿಮದ ಅಂಚನ್ನು ಮಾತ್ರ ಮುಟ್ಟಿತು. ಬೆಂಗಳೂರು ಮತ್ತು ಹರಿಹರದ ನಡುವಿನ ಮೀಟರ್‌ಗೇಜ್ ಮಾರ್ಗ 1889ರಲ್ಲಿ ಪೂರ್ಣಗೊಂಡಾಗ ಅದು ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮೂಲಕ ಹಾದುಹೋಯಿತು. ಹೊಸದುರ್ಗ ಪಟ್ಟಣಕ್ಕೆ ಊರಿನಿಂದ ದೂರದಲ್ಲಿರುವ ಹೊಸದುರ್ಗ ರೋಡ್ ನಿಲ್ದಾಣವೇ ಆಧಾರವಾಯಿತು. ಜಿಲ್ಲಾ ಕೇಂದ್ರವಾದ ಚಿತ್ರದುರ್ಗಕ್ಕೆ ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನಿಂದ ಶಾಖಾ ಮಾರ್ಗ ಬರಲು 1921ರವರೆಗೆ ಕಾಯಬೇಕಾಯಿತು. ಹಿರಿಯೂರಿಗಂತೂ ರೈಲು ಬರಲೇ ಇಲ್ಲ. ಆ ಊರನ್ನು ಮುಟ್ಟಬೇಕಾದ ತುಮಕೂರು–ದಾವಣಗೆರೆ ನೇರ ಮಾರ್ಗದ ಕೆಲಸ ನಡೆದಿರುವುದು ಇಪ್ಪತ್ತೊಂದನೆಯ ಶತಮಾನದಲ್ಲಿ.

ಆದರೆ ಸಂಸ್ಥಾನವು ಅಲ್ಲಿಯವರೆಗಿನ ತನ್ನ ಅತಿ ದೊಡ್ಡ ನೀರಾವರಿ ಸಾಹಸವನ್ನು ಕೈಗೊಂಡದ್ದು ಇದೇ ರೈಲಿಲ್ಲದ ಹಿರಿಯೂರಿನ ಬಳಿ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ನುಸುಳುವ ಮಾರಿಕಣಿವೆಯಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸ 1907ರಲ್ಲಿ ಮುಗಿಯಿತು. ಸುಮಾರು 405 ಮೀಟರ್ ಉದ್ದ ಮತ್ತು 50 ಮೀಟರ್ ಎತ್ತರದ ಈ ಕಲ್ಲಿನ ಕಟ್ಟೆ ಸುಮಾರು 30 ಟಿಎಂಸಿ ನೀರನ್ನು ಹಿಡಿಯಬಲ್ಲದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಪ್ರಾಪ್ತ ವಯಸ್ಕರಾಗುವವರೆಗೆ ರಾಜಪ್ರತಿನಿಧಿಯಾಗಿದ್ದ ಮಹಾತಾಯಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಇಂತಹ ಕಾಮಗಾರಿಯನ್ನು ಕಾಣಲು ಬರುವ ಅಧಿಕಾರಿಗೆ, ಎಂಜಿನಿಯರಿಗೆ, ಅತಿಥಿಗೆ ರಸ್ತೆಯ ಹೊರತು ಬೇರೆ ದಾರಿಯಿರಲಿಲ್ಲ. ಎತ್ತಿನ ಗಾಡಿ ಮತ್ತು ಜಟಕಾಗಳ ಜಾಗಕ್ಕೆ ಮೋಟಾರು ಬಂದ ಮೇಲೆಯೇ ಹಿರಿಯೂರಿನ ದೂರ ಕುಗ್ಗಿತು.

ಈ ರಸ್ತೆ ಮೋಟಾರಿನಿಂದ ಬಯಸುತ್ತಿದ್ದುದು ಲಂಡನ್ನಿನ ಬೀದಿ ಬಯಸುತ್ತಿದ್ದುದಕ್ಕಿಂತ ಬೇರೆಯಾಗಿತ್ತು. ಜಲ್ಲಿ ಹಾಸಿ ಗಟ್ಟಿಸಿದ ದಾರಿಯ ಮೇಲೆ ಎತ್ತಿನ ಗಾಡಿಗಳ ಕಬ್ಬಿಣದ ಪಟ್ಟಿ ಉರುಳಿ ಉರುಳಿ ಎದ್ದ ನುಣ್ಣನೆಯ ಧೂಳು, ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುವ ಎರೆಮಣ್ಣು, ಸೇತುವೆಯಿಲ್ಲದ ಹಳ್ಳಗಳು, ಬೇಸಗೆಯ ಉರಿಬಿಸಿಲು ಇವೆಲ್ಲವನ್ನೂ ಅದು ತಾಳಿಕೊಳ್ಳಬೇಕಾಗಿತ್ತು. ಆದ್ದರಿಂದ ಇಂತಹ ನಾಡುಗಳಿಗೆ ಹೊರಡುವ ಚಾಸಿಸ್‌ಗಳಿಗೆ ನೆಲದಿಂದ ಹೆಚ್ಚು ಎತ್ತರವನ್ನೂ ಬಿಸಿಲಿಗೆ ತಡೆಯುವ ರೇಡಿಯೇಟರನ್ನೂ ಬಯಸಲಾಗುತ್ತಿತ್ತು. ಬಾಡಿಯ ಎರಡೂ ಪಕ್ಕದ ಮೆಟ್ಟಿಲು ಹಲಗೆಗಳ ಮೇಲೆ ಬಿಡಿ ಚಕ್ರ, ಸಲಕರಣೆ ಪೆಟ್ಟಿಗೆ ಮತ್ತು ಪೆಟ್ರೋಲಿನ ಡಬ್ಬಿಗಳಿಗೆ ಸ್ಥಳವಿರಬೇಕಾಗಿತ್ತು. ಏಕೆಂದರೆ ಪಂಪುಗಳು ಬರುವ ಮುನ್ನ ಪೆಟ್ರೋಲ್ ಎರಡು ಗ್ಯಾಲನ್ನಿನ ಡಬ್ಬಿಗಳಲ್ಲಿ ಮಾರಾಟವಾಗುತ್ತಿತ್ತು. ತೆರೆದ ಟೂರರ್‌ಗಳಲ್ಲಿ ಹಿಂದೆ ಕುಳಿತವರ ಮುಖಕ್ಕೆ ಗಾಳಿ ಮತ್ತು ಧೂಳು ರಾಚದಂತೆ ಮುಂದಿನ ಆಸನದ ಬೆನ್ನಿಗೆ ಎರಡನೆಯ ಗಾಜನ್ನು ಅಳವಡಿಸುವ ಪದ್ಧತಿಯೂ ಬೆಳೆಯಿತು. ಬೇಡವಾದಾಗ ಮಡಚಿಡಬಹುದಾದ ಈ ಗಾಜಿಗೆ ಆಸ್ಟರ್ ಸ್ಕ್ರೀನ್ ಎಂಬ ಹೆಸರಿತ್ತು.

ಪುಣೆ ರಸ್ತೆಯ ಉತ್ತರದ ತುದಿಯಲ್ಲಿ ಈ ಪರೀಕ್ಷೆ ಸಾರ್ವಜನಿಕವಾಗಿಯೇ ನಡೆದಿತ್ತು. ಪರ್ಲ್ ಆಫ್ ದಿ ಈಸ್ಟ್, ಅಂದರೆ ಪೂರ್ವದ ಮುತ್ತು ಎಂಬ ಹೆಸರಿನ ಸಿಲ್ವರ್ ಘೋಸ್ಟ್ ಕಾರು 1908ರಲ್ಲಿ ಮುಂಬಯಿ ಮತ್ತು ಕೊಲ್ಹಾಪುರದ ನಡುವೆ ಘಟ್ಟಗಳನ್ನು ಹತ್ತಿಳಿಯುವ 620 ಮೈಲಿಗಳ ಸ್ಪರ್ಧೆಯನ್ನು ಪೂರೈಸಿ ಹೆಸರಾಯಿತು. ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಇಂಗ್ಲೆಂಡಿನ ಯಂತ್ರ ಭಾರತದ ದಾರಿಗೆ ಒಗ್ಗುತ್ತದೆ ಎಂಬ ನಂಬಿಕೆ ಸಂಸ್ಥಾನಗಳಲ್ಲಿ ಬಲವಾದುದು ಇಂತಹ ಪ್ರಯೋಗಗಳಿಂದಲೇ.

ಮೈಸೂರು ಅರಮನೆ ಮತ್ತು ತೆರೆದ ವಾಹನ

1902ರ ಆಗಸ್ಟ್ 8ರಂದು ಪೂರ್ಣಾಧಿಕಾರ ಪಡೆದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಳ್ವಿಕೆ 1940ರವರೆಗೆ ನಡೆದುದರಿಂದ, ಕೋಚ್‌ಬಿಲ್ಟ್ ಮೋಟಾರಿನ ಉಚ್ಛ್ರಾಯ ಕಾಲವೂ ಅವರ ಕಾಲವೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ರೋಲ್ಸ್ ರಾಯ್ಸ್ ಕಾರುಗಳ ಗಣ್ಯ ಗಿರಾಕಿಗಳಲ್ಲಿ ಮೈಸೂರು ಅರಮನೆ ಒಂದಾಗಿತ್ತು. ಅರಮನೆಯವರು ಕಾರುಗಳನ್ನು ಏಳೇಳರ ಗುಂಪಾಗಿ ತರಿಸುತ್ತಿದ್ದರೆಂದೂ, ಆ ಕಾರಣದಿಂದ ಒಟ್ಟಿಗೆ ಹಲವು ಕಾರು ಮಾರಿದರೆ ಅದನ್ನು ಮೈಸೂರಿನ ಹೆಸರಿನಿಂದಲೇ ಹೇಳುವ ರೂಢಿ ಮಾರಾಟಗಾರರಲ್ಲಿ ಬಂದಿತೆಂದೂ ಮೋಟಾರುಪ್ರಿಯರಲ್ಲಿ ಪ್ರತೀತಿಯಿದೆ.

ಸಂಸ್ಥಾನಗಳು ತೆರೆದ ಬಾಡಿಯನ್ನು ಮೆಚ್ಚಿದ್ದಕ್ಕೆ ಗಾಳಿ ಬೆಳಕಿಗಿಂತ ಆಳವಾದ ಕಾರಣವಿತ್ತು. ರಾಜನು ಪ್ರಜೆಗಳಿಗೆ ಕಾಣಿಸಿಕೊಳ್ಳುವುದು ರಾಜಧರ್ಮದ ಒಂದು ಅಂಗವಾಗಿತ್ತು. ದಸರೆಯ ಜಂಬೂಸವಾರಿಯಲ್ಲಿ ಅಂಬಾರಿಯ ಎತ್ತರ ಒದಗಿಸುತ್ತಿದ್ದ ದರ್ಶನವನ್ನು, ಜಿಲ್ಲೆಯಿಂದ ಜಿಲ್ಲೆಗೆ ಸಾಗುವ ಸವಾರಿಯಲ್ಲಿ ತೆರೆದ ಮೋಟಾರು ಒದಗಿಸಬಲ್ಲದಾಗಿತ್ತು. ಆನೆಯ ಮೇಲೆ ಕುಳಿತ ದೊರೆಯನ್ನು ರಾಜಧಾನಿಗೆ ಹೋದವರು ಮಾತ್ರ ನೋಡಬಹುದಿತ್ತು. ಕಾರಿನಲ್ಲಿ ಕುಳಿತ ಆಡಳಿತಗಾರರನ್ನು ದಾರಿಬದಿಯ ಹಳ್ಳಿಯವರೂ ನೋಡಬಹುದಾಯಿತು. ಅದೇ ವೇಳೆ ಗೋಷಾ ಪದ್ಧತಿಯಿದ್ದ ಅಂತಃಪುರದ ಸ್ತ್ರೀಯರಿಗಾಗಿ ಪರದೆ ಅಥವಾ ಮಬ್ಬುಗಾಜು ಅಳವಡಿಸಿದ ಮುಚ್ಚಿದ ಬಾಡಿಗಳನ್ನು ಸಂಸ್ಥಾನಗಳು ಕಟ್ಟಿಸುತ್ತಿದ್ದವು. ಹೀಗೆ ಒಂದೇ ಚಾಸಿಸ್ಸಿನ ಮೇಲೆ, ಯಾರು ಕಾಣಬೇಕು ಮತ್ತು ಯಾರು ಕಾಣಬಾರದು ಎಂಬ ಸಾಮಾಜಿಕ ವಿವೇಚನೆ ಮರ ಮತ್ತು ಬಟ್ಟೆಯ ರೂಪ ತಾಳುತ್ತಿತ್ತು.

ಇಂಗ್ಲೆಂಡಿನ ಕಸುಬುದಾರರ ಜೊತೆಗೆ ದೇಶದೊಳಗಿನ ಸಂಸ್ಥೆಗಳೂ ಇದ್ದವು. 1840ರಲ್ಲಿ ಆರಂಭವಾದ ಮದರಾಸಿನ ಸಿಂಪ್ಸನ್ ಸಂಸ್ಥೆ ಸಾರೋಟುಗಳಿಂದ ಮೋಟಾರು ಬಾಡಿಗಳಿಗೆ ತಿರುಗಿದ ಇಂತಹ ಸಂಸ್ಥೆಗಳಲ್ಲಿ ಪ್ರಸಿದ್ಧವಾದುದು. ಗೆದ್ದಲು ಮತ್ತು ತೇವದ ಕಾಟಕ್ಕೆ ಆಶ್ ಮರ ಸುಲಭವಾಗಿ ತುತ್ತಾಗುತ್ತಿದ್ದ ಹವೆಯಲ್ಲಿ, ಕೈಗೆಟಕುವ ತೇಗ ಇಲ್ಲಿನ ಬಡಗಿಗಳಿಗೆ ಒಂದು ಅನುಕೂಲವಾಗಿತ್ತು.

ಆದರೂ ಈ ಬಗೆಯ ವಾಹನಗಳು ಎಂದೂ ಸಂಖ್ಯೆಯಲ್ಲಿ ಹೆಚ್ಚಾಗಲಿಲ್ಲ. ಸಿಲ್ವರ್ ಘೋಸ್ಟಿನ ಬರೀ ಚಾಸಿಸ್ಸಿಗೇ ಮೊದಲ ಮಹಾಯುದ್ಧದ ಮುಂಚೆ 985 ಪೌಂಡ್ ಬೆಲೆಯಿದ್ದು, ಬಾಡಿಯ ಖರ್ಚು ಬೇರೆಯೇ ಆಗುತ್ತಿತ್ತು. 1920ರ ದಶಕದಲ್ಲಿ ನೆಲದಿಂದ ಎತ್ತರವಾಗಿದ್ದು ಬೆಲೆಯಲ್ಲಿ ಅಗ್ಗವಾಗಿದ್ದ ಅಮೆರಿಕದ ಫೋರ್ಡ್, ಷೆವ್ರೊಲೆ, ಡಾಡ್ಜ್ ಕಾರುಗಳು ಭಾರತದ ಮಾರುಕಟ್ಟೆಯನ್ನು ತುಂಬಿದವು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿಯೇ ಜೋಡಣಾ ಘಟಕ ತೆರೆಯಿತು. ಅವುಗಳಲ್ಲಿಯೂ ತೆರೆದ ಟೂರರ್‌ಗಳಿದ್ದವು. ಆದರೆ ಅವೆಲ್ಲ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಒಂದೇ ರೂಪದವು. ಕೈಯಿಂದ ಕಟ್ಟಿದ ಬ್ರಿಟಿಷ್ ಬಾಡಿಯ ಕಾರು ಈ ಗುಂಪಿನ ನಡುವೆ ಹುಟ್ಟಿನಿಂದಲೇ ಅಪರೂಪದ್ದಾಗಿತ್ತು.

ಕಸುಬಿನ ಅವಸಾನ

ಕೋಚ್‌ಬಿಲ್ಡಿಂಗ್ ಕಸುಬು ಅಳಿದುದಕ್ಕೆ ರಾಜಕೀಯಕ್ಕಿಂತ ಮುಂಚೆ ಲೋಹವಿಜ್ಞಾನ ಕಾರಣವಾಯಿತು. ಬೃಹತ್ ಒತ್ತುಯಂತ್ರಗಳು ಉಕ್ಕಿನ ತಗಡನ್ನು ಒಂದೇ ಏಟಿಗೆ ಬಾಗಿಸತೊಡಗಿದ ಮೇಲೆ ಮರದ ಚೌಕಟ್ಟು ಅನಗತ್ಯವಾಯಿತು. ಚಾಸಿಸ್ ಮತ್ತು ಬಾಡಿ ಎರಡೂ ಒಂದೇ ರಚನೆಯಾದ ಮೇಲಂತೂ ಬಾಡಿಯನ್ನು ಬೇರೆಯಾಗಿ ಕಟ್ಟಿಸುವ ಅವಕಾಶವೇ ಉಳಿಯಲಿಲ್ಲ. ಬಾರ್ಕರ್ 1938ರಲ್ಲಿ ಹೂಪರ್‌ನ ಪಾಲಾಯಿತು. ಪಾರ್ಕ್ ವಾರ್ಡ್ ಸಂಸ್ಥೆಯನ್ನು 1939ರಲ್ಲಿ ರೋಲ್ಸ್ ರಾಯ್ಸ್ ತನ್ನದಾಗಿಸಿಕೊಂಡಿತು. ಹೂಪರ್ 1959ರಲ್ಲಿ ಬಾಡಿ ಕಟ್ಟುವುದನ್ನು ನಿಲ್ಲಿಸಿತು.

ಮೈಸೂರು ಸಂಸ್ಥಾನ ಈ ಬದಲಾವಣೆಯನ್ನು ದೂರದಿಂದ ನೋಡುತ್ತ ಕೂರಲಿಲ್ಲ ಎಂಬುದು ಇಲ್ಲಿ ಮುಖ್ಯ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯನ್ನು ರೂಪಿಸಿದಾಗ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ಅದಕ್ಕೆ ಬೆಂಬಲವಾಗಿ ನಿಂತಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರೂ ಆಸಕ್ತಿ ವಹಿಸಿದ್ದ ಈ ಯೋಜನೆಗೆ ಬ್ರಿಟಿಷ್ ಭಾರತ ಸರ್ಕಾರದ ಪ್ರೋತ್ಸಾಹ ದೊರೆಯದೆ ಕಾರಿನ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ. ಆದರೆ ಅದೇ ವಾಲ್‌ಚಂದ್ ಮತ್ತು ಮೈಸೂರು ಸರ್ಕಾರದ ಸಹಯೋಗದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ಹುಟ್ಟಿತು. ಯುದ್ಧಾನಂತರ ಅದು ವಿಮಾನಗಳ ಜೊತೆಗೆ ಬಸ್ಸಿನ ಬಾಡಿಗಳನ್ನೂ ಲೋಹದ ರೈಲುಬೋಗಿಗಳನ್ನೂ ಕಟ್ಟಿತು. ದೊರೆಯೊಬ್ಬರಿಗಾಗಿ ಲಂಡನ್ನಿನಲ್ಲಿ ಬಾಡಿ ಕಟ್ಟಿಸುತ್ತಿದ್ದ ನಾಡು, ಸಾವಿರಾರು ಪ್ರಯಾಣಿಕರಿಗಾಗಿ ತಾನೇ ಬಾಡಿ ಕಟ್ಟಲು ಕಲಿತದ್ದು ಸಂಸ್ಥಾನದ ಮೋಟಾರು ಚರಿತ್ರೆಯ ಅತ್ಯಂತ ಹೆಮ್ಮೆಯ ಘಟ್ಟ.

ಸ್ವಾತಂತ್ರ್ಯಾನಂತರ ಹಳೆಯ ವಾಹನಗಳ ಭಾಗ್ಯ ಬದಲಾಯಿತು. ಬಿಡಿಭಾಗಗಳ ಆಮದು ಕಷ್ಟವಾಯಿತು. ಗಟ್ಟಿ ಚಾಸಿಸ್ಸಿನ ಎಷ್ಟೋ ಕಾರುಗಳು ದೇಶದಾದ್ಯಂತ ತಮ್ಮ ಬಾಡಿ ಕಳಚಿಕೊಂಡು ಸಾಮಾನು ಹೊರುವ ವಾಹನಗಳಾದವು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನ ನಿಗದಿಯಾಗಿತ್ತು. 1971ರ ಇಪ್ಪತ್ತಾರನೆಯ ಸಂವಿಧಾನ ತಿದ್ದುಪಡಿ ರಾಜಧನವನ್ನು ರದ್ದುಪಡಿಸಿದ ಮೇಲೆ ದೇಶದ ಅರಮನೆಗಳ ಮೋಟಾರು ಖಾನೆಗಳು ಒಂದೊಂದಾಗಿ ಬರಿದಾದವು. ಕರ್ನಾಟಕದಲ್ಲಿ ಈ ಪರಂಪರೆಯನ್ನು ಸಾರ್ವಜನಿಕರು ಹತ್ತಿರದಿಂದ ನೋಡಬಹುದಾದ ಎರಡು ಸ್ಥಳಗಳು ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ರೂಪುಗೊಂಡಿವೆ: ಒಂದು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಾರುಗಳ ಸಂಗ್ರಹ, ಇನ್ನೊಂದು 2023ರಲ್ಲಿ ಮೈಸೂರು–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ತೆರೆದ ಪಯಣ ವಸ್ತುಸಂಗ್ರಹಾಲಯ.

ಉಳಿಸಬೇಕಾದುದು ಯಾವುದು

ವಿಂಟೇಜ್ ಎಂಬ ಮಾತಿಗೆ ಬ್ರಿಟನ್ನಿನ ಮೋಟಾರು ಸಂಘಗಳು 1919ರಿಂದ 1930ರವರೆಗಿನ ಕಾರುಗಳು ಎಂಬ ಸೀಮಿತ ಅರ್ಥವನ್ನು ಇಟ್ಟುಕೊಂಡಿವೆ. ಭಾರತ ಸರ್ಕಾರವು 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳನ್ನು ಈ ವರ್ಗಕ್ಕೆ ಸೇರಿಸಿ, ಅವುಗಳ ನೋಂದಣಿ ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳು ಬರುವಂತೆ ಮಾಡಿವೆ. ಚಾಸಿಸ್, ಬಾಡಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದೆಂಬುದು ಆ ನಿಯಮಗಳ ಷರತ್ತು. ಕಾನೂನು ಬಾಡಿಯನ್ನು ಚಾಸಿಸ್ಸಿಗೆ ಸಮನಾಗಿ ಎಣಿಸಿದ್ದು ಕೋಚ್‌ಬಿಲ್ಟ್ ಕಾರುಗಳ ದೃಷ್ಟಿಯಿಂದ ಮಹತ್ವದ ಹೆಜ್ಜೆ.

ಏಕೆಂದರೆ ಈ ವಾಹನಗಳಿಗೆ ಇಂದು ಒದಗಿರುವ ದೊಡ್ಡ ಅಪಾಯ ತುಕ್ಕಲ್ಲ, ಹೊಸತನ. ಹರಾಜುಕಟ್ಟೆಯಲ್ಲಿ ತೆರೆದ ಕಾರುಗಳಿಗೆ ಮುಚ್ಚುಕಾರುಗಳಿಗಿಂತ ಹೆಚ್ಚು ಬೆಲೆ ಬರುವುದರಿಂದ, ಮೂಲದಲ್ಲಿ ಮುಚ್ಚಿದ್ದ ಎಷ್ಟೋ ಬಾಡಿಗಳನ್ನು ಕಿತ್ತೆಸೆದು, ಹಳೆಯ ಚಾಸಿಸ್ಸಿನ ಮೇಲೆ ಹೊಸದಾಗಿ ಟೂರರ್ ಕಟ್ಟುವ ಪರಿಪಾಠ ಜಗತ್ತಿನಾದ್ಯಂತ ನಡೆದಿದೆ. ಅಂತಹ ಕಾರು ನೋಡಲು ಚೆಲುವಾಗಿದ್ದರೂ, ಯಾರಿಗಾಗಿ, ಯಾವ ದಾರಿಗಾಗಿ, ಯಾವ ನಡಾವಳಿಗಾಗಿ ಅದನ್ನು ಕಟ್ಟಿದರೆಂಬ ಸಾಕ್ಷ್ಯ ಆ ಕಿತ್ತೆಸೆದ ಮರದೊಂದಿಗೇ ಹೋಗುತ್ತದೆ. ರೋಲ್ಸ್ ರಾಯ್ಸ್ ಚಾಸಿಸ್‌ಗಳ ಮೂಲ ದಾಖಲೆ ಚೀಟಿಗಳು ಇಂಗ್ಲೆಂಡಿನಲ್ಲಿ ಸಂರಕ್ಷಿತವಾಗಿವೆ. ಮೈಸೂರು ಸರ್ಕಾರದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಇವೆರಡನ್ನೂ ಎದುರುಬದುರು ಇಟ್ಟು ಓದಿ, ಉಳಿದಿರುವ ಒಂದೊಂದು ಬಾಡಿಯನ್ನೂ ಅವುಗಳೊಂದಿಗೆ ತಾಳೆ ನೋಡಿದರೆ, ಸಂಸ್ಥಾನದ ಸವಾರಿಗಳ, ರಸ್ತೆಗಳ ಮತ್ತು ಕಸುಬುಗಳ ಚರಿತ್ರೆಯನ್ನು ಊಹೆಯಿಂದ ಬಿಡಿಸಿ ಆಧಾರದ ಮೇಲೆ ನಿಲ್ಲಿಸಬಹುದು. ಬಣ್ಣ ಮಾಸಿದ್ದರೂ, ಚರ್ಮ ಸೀಳಿದ್ದರೂ, ಹುಡ್ಡಿನ ಕಮಾನು ಸೊಟ್ಟಗಾಗಿದ್ದರೂ, ಮೂಲದ ಬಾಡಿಯನ್ನು ಇದ್ದ ಹಾಗೆಯೇ ಕಾಪಾಡುವುದು ಹೊಳೆಯುವ ಹೊಸ ಬಾಡಿ ಕಟ್ಟುವುದಕ್ಕಿಂತ ದೊಡ್ಡ ಕೆಲಸ ಎಂಬ ಅರಿವು ಸಂಗ್ರಾಹಕರಲ್ಲಿಯೂ ನೋಂದಣಿ ಸಮಿತಿಗಳಲ್ಲಿಯೂ ಬೇರೂರಬೇಕಾಗಿದೆ.